ಜೀಪು ಹಳೆಯದಿರಲಿ, ಎಂಜಿನ್ ಅದರದ್ದೇ ಇರಲಿ

ಕೃಷ್ಣೆ, ಘಟಪ್ರಭೆಗಳ ನಡುವಿನ ಈ ಸೀಮೆಯಲ್ಲಿ ಛಾವಣಿ ಬಿಚ್ಚಿ, ಗಾಳಿಗೆ ಮೈಯೊಡ್ಡಿ ಓಡಿಸುವ ಹಳೆಯ ವಾಹನವೆಂದರೆ ಜೀಪು. ಬೇರೆ ದೇಶಗಳವರಿಗೆ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರಿನ ಮೇಲೆ ಇರುವ ಮೋಹ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಜನರಿಗೆ ಮಹೀಂದ್ರದ ಓಪನ್ ಜೀಪಿನ ಮೇಲಿದೆ. ಕಬ್ಬಿನ ಬಿಲ್ಲು ಚೆನ್ನಾಗಿ ಬಂದ ವರ್ಷ ಹುಡುಕಾಟ ಶುರುವಾಗುತ್ತದೆ. ನಮ್ಮಲ್ಲಿ ಸಿಗದಿದ್ದರೆ ಗಡಿ ದಾಟಿ ಮಿರಜ, ಸಾಂಗಲಿ, ಕೊಲ್ಹಾಪುರದವರೆಗೂ ಹೋಗುತ್ತದೆ. ನೋಡಲು ಹೋದವರ ಕಣ್ಣಿಗೆ ಮೊದಲು ಬೀಳುವುದು ಬಣ್ಣ, ದಪ್ಪ ಟೈರು, ಹೊಸದಾಗಿ ಹೊಲಿಸಿದ ಹುಡ್. ಬಾನೆಟ್ ಎತ್ತಿದ ಮೇಲೆ ನಿಜವಾದ ಪ್ರಶ್ನೆ ಏಳುತ್ತದೆ: ಪೆಟ್ರೋಲೋ, ಇಂಟರ್‌ನ್ಯಾಷನಲ್ ಡೀಸೆಲ್ಲೋ, ಪೂಜೋ ಡೀಸೆಲ್ಲೋ? ಸಾಮಾನ್ಯವಾಗಿ ಇದಕ್ಕೆ ಉತ್ತರ ಹುಡುಕುವುದು ಎಂಜಿನ್ನಿನ ತಾಕತ್ತು ಎಷ್ಟು, ಲೀಟರಿಗೆ ಆವರೇಜ್ ಎಷ್ಟು ಎಂಬ ಎರಡು ಲೆಕ್ಕಗಳಲ್ಲಿ. ಮೂವತ್ತು, ನಲವತ್ತು, ಕೆಲವೊಮ್ಮೆ ಅರವತ್ತು ವರ್ಷ ಓಡಿದ ವಾಹನಕ್ಕೆ ಈ ಎರಡೂ ಲೆಕ್ಕಗಳು ಉಪಯೋಗಕ್ಕೆ ಬರುವುದಿಲ್ಲ ಎಂಬುದು ನನ್ನ ವಾದ. ಕಾರ್ಖಾನೆಯಿಂದ ಹೊರಬಿದ್ದಾಗ ಇದ್ದ ಎಂಜಿನ್ನೇ ಇಂದಿಗೂ ಇದೆಯೇ, ಆರ್‌ಸಿ ಅದನ್ನೇ ಹೇಳುತ್ತದೆಯೇ ಎಂಬುದು ಮೊದಲು ಕೇಳಬೇಕಾದ ಮಾತು. ಅದು ಕೆಟ್ಟು ನಿಂತ ದಿನ ಈ ನಾಲ್ಕು ತಾಲೂಕುಗಳ ಒಳಗೇ ಅದನ್ನು ಎಬ್ಬಿಸುವವರು ಇದ್ದಾರೆಯೇ ಎಂಬುದು ಎರಡನೆಯದು. ಉಳಿದದ್ದೆಲ್ಲ ಆಮೇಲೆ.

ಮೂರು ಎಂಜಿನ್‌ಗಳ ಹುಟ್ಟು ತಿಳಿಯದೆ ಆಯ್ಕೆ ಮಾಡುವುದು ಕಷ್ಟ. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿಗೆ ಇದ್ದದ್ದು 2199 ಸಿಸಿಯ, ಅರವತ್ತು ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಯುದ್ಧ ಮುಗಿದ ಮೇಲೆ ವಿಲ್ಲೀಸ್ ಕಂಪನಿ ಅದೇ ಬೋರು, ಅದೇ ಸ್ಟ್ರೋಕು ಇಟ್ಟುಕೊಂಡು ವಾಲ್ವುಗಳ ಜಾಗ ಬದಲಿಸಿತು. ಗಾಳಿ ಎಳೆಯುವ ವಾಲ್ವು ಮೇಲೆ ಹೆಡ್ಡಿಗೆ ಹೋಯಿತು, ಹೊಗೆ ಬಿಡುವ ವಾಲ್ವು ಕೆಳಗೆ ಬ್ಲಾಕಿನಲ್ಲೇ ಉಳಿಯಿತು. ಅದೇ ಹರಿಕೇನ್ ಎಂಜಿನ್. ತಾಕತ್ತು ಎಪ್ಪತ್ತು ಅಶ್ವಶಕ್ತಿ ದಾಟಿತು, ಎತ್ತರವೂ ಹೆಚ್ಚಿತು. ಅದನ್ನು ಒಳಗೆ ಕೂರಿಸಲೆಂದೇ 1953ರ ಸಿಜೆ 3ಬಿ ಜೀಪಿಗೆ ಬಾನೆಟ್ ಎತ್ತರಿಸಬೇಕಾಯಿತು. ಇಂದು ನಾವು 'ಹಳೇ ಮಹೀಂದ್ರ ಜೀಪು' ಎಂದು ದೂರದಿಂದಲೇ ಗುರುತಿಸುವ ಆ ಎತ್ತರದ ಮೂತಿ ಎಂಜಿನ್ನಿನ ಕಾರಣಕ್ಕೆ ಬಂದದ್ದು. ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನಗೊಂಡ ಆಸುಪಾಸಿನ ವರ್ಷಗಳಲ್ಲೇ ಮಹೀಂದ್ರದವರು ಮುಂಬಯಿಯಲ್ಲಿ ಜೀಪು ಜೋಡಿಸಲು ಶುರುಮಾಡಿದ್ದರು. ಮುಂದೆ ಸಿಜೆ 3ಬಿ ಮಾದರಿಯೇ ಇಲ್ಲಿ ಬೇರೂರಿ, ಹುಟ್ಟಿದ ದೇಶದಲ್ಲಿ ನಿಂತುಹೋದ ಎಷ್ಟೋ ವರ್ಷಗಳ ನಂತರವೂ ಇಲ್ಲಿ ತಯಾರಾಗುತ್ತಲೇ ಇತ್ತು.

ಡೀಸೆಲ್ ಬಂದದ್ದು ಟ್ರ್ಯಾಕ್ಟರಿನ ದಾರಿಯಿಂದ. 1963ರಲ್ಲಿ ಮಹೀಂದ್ರ, ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಸೇರಿ ಟ್ರ್ಯಾಕ್ಟರ್ ಕಂಪನಿ ಕಟ್ಟಿದವು. ಅಲ್ಲಿಂದ ಬಂದ ಬಿ-275 ಟ್ರ್ಯಾಕ್ಟರು ಉತ್ತರ ಕರ್ನಾಟಕದ ಹೊಲಗಳಿಗೆ ಚಿರಪರಿಚಿತ. 1973ರ ನಂತರ ಪೆಟ್ರೋಲ್ ಬೆಲೆ ಏರಿದಾಗ ಮಹೀಂದ್ರದವರು ಆ ಟ್ರ್ಯಾಕ್ಟರ್ ಎಂಜಿನ್ನಿನ ವಂಶವನ್ನೇ ಜೀಪಿನೊಳಗೆ ತಂದು ಕೂರಿಸಿದರು. ನಮ್ಮ ಗ್ಯಾರೇಜುಗಳಲ್ಲಿ ಇವತ್ತಿಗೂ ಅದರ ಹೆಸರು 'ಇಂಟರ್‌ನ್ಯಾಷನಲ್', ಇಲ್ಲವೇ 'ಡಿಐ'. ಆಮೇಲಿನ ಎಂಡಿಐ ಎಂಜಿನ್ನಿನ 2523 ಸಿಸಿ ಅಳತೆ ನೋಡಿದರೆ ಈ ನೆಂಟಸ್ತಿಕೆ ಸ್ಪಷ್ಟ: 88.9 ಮಿಲಿಮೀಟರ್ ಬೋರು, 101.6 ಮಿಲಿಮೀಟರ್ ಸ್ಟ್ರೋಕು, ಅಂದರೆ ಮೂರೂವರೆ ಇಂಚು ಮತ್ತು ನಾಲ್ಕು ಇಂಚು. ಇಂಗ್ಲೆಂಡಿನಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮಾಡಿದ ಟ್ರ್ಯಾಕ್ಟರ್ ಎಂಜಿನ್ನಿನ ಅಳತೆಯೂ ಅದೇ. ಈ ವಂಶ ಎಷ್ಟು ಗಟ್ಟಿ ಎಂದರೆ 2010ರಲ್ಲಿ ಥಾರ್ ಬಂದಾಗ ಅದರ ಅಗ್ಗದ ಮಾದರಿಗೆ ಕೊಟ್ಟದ್ದು ಇದೇ 2523 ಸಿಸಿಯ, 63 ಅಶ್ವಶಕ್ತಿಯ ಎಂಜಿನ್. ಮೂರನೆಯದು ಫ್ರಾನ್ಸಿನದು. 1979ರಲ್ಲಿ ಪೂಜೋ ಕಂಪನಿಯ ಜೊತೆ ಆದ ಒಪ್ಪಂದದಿಂದ ಎಕ್ಸ್‌ಡಿಪಿ 4.90 ಎಂಬ ಡೀಸೆಲ್ ಎಂಜಿನ್ ಬಂತು. 2112 ಸಿಸಿ, 62 ಅಶ್ವಶಕ್ತಿ. ಎಂಬತ್ತರ ದಶಕದ ಎಂಎಂ 540 ಜೀಪು ಹೆಸರು ಮಾಡಿದ್ದು ಇದರಿಂದ.

ಇವುಗಳಲ್ಲಿ ಈ ಸೀಮೆಗೆ ಹೊಂದುವುದು ಯಾವುದು? ದಿನಬಳಕೆಗೆ, ತೋಟದ ವಸ್ತಿಯಿಂದ ಊರಿಗೆ, ಊರಿನಿಂದ ತಾಲೂಕಿಗೆ ಓಡಿಸುವ ಜೀಪಾದರೆ ನನ್ನ ಮತ ಇಂಟರ್‌ನ್ಯಾಷನಲ್ ವಂಶದ ಡಿಐ ಎಂಜಿನ್ನಿಗೆ, ಮತ್ತು ಕಾರಣ ಎಂಜಿನ್ನಿಗಿಂತ ಹೆಚ್ಚಾಗಿ ಊರಿನಲ್ಲಿದೆ. ಮುಧೋಳ, ಸಮೀರವಾಡಿ, ಹಿರೇಪಡಸಲಗಿಯ ಸಕ್ಕರೆ ಕಾರ್ಖಾನೆಗಳಿಗೆ ಹಂಗಾಮಿನಲ್ಲಿ ಹಗಲು ರಾತ್ರಿ ಕಬ್ಬು ಸಾಗುವುದು ಟ್ರ್ಯಾಕ್ಟರುಗಳ ಮೇಲೆ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಅರ್ಧ ದಾರಿಯಲ್ಲಿ ನಿಂತರೆ ಮಾಲೀಕನಿಗೆ ದಿನದ ಬಾಡಿಗೆ ಹೋಗುತ್ತದೆ, ಕಡಿದ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ಹಾಗಾಗಿ ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿ ಜೋಡಿಸುವ ಕೈಗಳು, ಲೈನರ್ ಕೂರಿಸುವ, ಕ್ರ್ಯಾಂಕ್ ಗ್ರೈಂಡ್ ಮಾಡುವ ಲೇತ್ ಅಂಗಡಿಗಳು, ಪಂಪು-ನೋಝಲ್ ಟೆಸ್ಟ್ ಮಾಡುವ ಡೀಸೆಲ್ ಅಂಗಡಿಗಳು ಇಲ್ಲಿ ಬೆಳೆದದ್ದು ಸಹಜ. ಇಲ್ಲಿ ಆಗದ ಕೆಲಸಕ್ಕೆ ಎಣ್ಣೆ ಎಂಜಿನ್ ಮತ್ತು ಫೌಂಡ್ರಿಗಳಿಗೆ ಹೆಸರಾದ ಕೊಲ್ಹಾಪುರ ದೂರವೇನಿಲ್ಲ. ಟ್ರ್ಯಾಕ್ಟರ್ ವಂಶದ ಎಂಜಿನ್ ಇರುವ ಜೀಪು ಕೊಂಡವನು ಈ ಇಡೀ ವ್ಯವಸ್ಥೆಯನ್ನು ಪುಕ್ಕಟೆಯಾಗಿ ಪಡೆಯುತ್ತಾನೆ. ಅದರ ರಚನೆಯೂ ಸರಳ. ಡೀಸೆಲ್ಲು ನೇರವಾಗಿ ಪಿಸ್ಟನ್ನಿನ ಮೇಲಿನ ಗುಂಡಿಗೇ ಚಿಮ್ಮುವುದರಿಂದ ಚಳಿಗಾಲದ ಬೆಳಿಗ್ಗೆಯೂ ಹೀಟರ್ ಇಲ್ಲದೆ ಎಂಜಿನ್ ಹಿಡಿಯುತ್ತದೆ. ಬ್ಯಾಟರಿ ಸತ್ತರೆ ನಾಲ್ಕು ಜನ ತಳ್ಳಿ ಎರಡನೇ ಗೇರಿಗೆ ಹಾಕಿದರೆ ಸಾಕು. ಒಂದು ಎಚ್ಚರ ಮಾತ್ರ: ಹೆಡ್ ಕೆಲಸ, ಎಂಜಿನ್ ಕೆಲಸ ಏನಿದ್ದರೂ ಮಳೆಗಾಲದಲ್ಲೇ ಮುಗಿಸಿಕೊಳ್ಳಬೇಕು. ಹಂಗಾಮು ಶುರುವಾದ ಮೇಲೆ ಒಳ್ಳೆಯ ಫಿಟ್ಟರಿಗೆ ಜೀಪಿನ ಕಡೆ ತಿರುಗಿ ನೋಡಲು ಪುರುಸೊತ್ತು ಸಿಗುವುದು ಕಬ್ಬು ಮುಗಿದಾಗಲೇ.

ಡಿಐ ಎಂಜಿನ್ ಗಡಗಡ ಸದ್ದು ಮಾಡುತ್ತದೆ, ಸ್ಟೇರಿಂಗ್ ಹಿಡಿದ ಕೈ ಜೋಮು ಹಿಡಿಯುತ್ತದೆ, ಓಡುವುದೂ ಇಲ್ಲ ಎಂಬ ಆಕ್ಷೇಪ ಸುಳ್ಳಲ್ಲ. ಓಡದಿರುವ ಮಾತನ್ನು ಲೆಕ್ಕ ಹಾಕಿಯೇ ನೋಡಬಹುದು. ಹಳೆಯ ಸಿಜೆ 3ಬಿ ಜೀಪಿನ ಹಿಂದಿನ ಆ್ಯಕ್ಸಲ್ಲಿನ ಅನುಪಾತ 5.38; ಚಕ್ರ ಒಂದು ಸುತ್ತು ಸುತ್ತಲು ಎಂಜಿನ್ ಟಾಪ್ ಗೇರಿನಲ್ಲಿ 5.38 ಸುತ್ತು ಸುತ್ತಬೇಕು. 6.00-16 ಟೈರಿನ ಒಂದು ಸುತ್ತಿಗೆ ಜೀಪು ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 60 ಕಿಲೋಮೀಟರ್ ಎಂದರೆ ನಿಮಿಷಕ್ಕೆ ಸಾವಿರ ಮೀಟರ್. ಚಕ್ರ 450ಕ್ಕೂ ಹೆಚ್ಚು ಸುತ್ತು, ಎಂಜಿನ್ 2,400ಕ್ಕೂ ಹೆಚ್ಚು ಸುತ್ತು. 75 ಕಿಲೋಮೀಟರಿಗೆ ಎಂಜಿನ್ 3,000 ಮುಟ್ಟುತ್ತದೆ. ಟ್ರ್ಯಾಕ್ಟರ್ ವಂಶದ ಡೀಸೆಲ್ಲು ಉಸಿರು ಬಿಡುವುದು ಅಲ್ಲೇ. 4,000 ಸುತ್ತಿನವರೆಗೆ ಹೋಗುವ ಪೆಟ್ರೋಲ್ ಎಂಜಿನ್ ಅದೇ ಆ್ಯಕ್ಸಲ್ಲಿನ ಮೇಲೆ ನೂರರ ಹತ್ತಿರ ಹೋಗಬಲ್ಲದು. ಇದರಿಂದ ಎರಡು ಮಾತು ತಿಳಿಯುತ್ತವೆ. ಒಂದು, ಪೆಟ್ರೋಲ್ ಜೀಪಿನಲ್ಲಿ ಬರಿಯ ಎಂಜಿನ್ ಬದಲಿಸಿ ಡೀಸೆಲ್ ಕೂರಿಸಿ, ಆ್ಯಕ್ಸಲ್ ಹಾಗೆಯೇ ಬಿಟ್ಟಿದ್ದರೆ ಆ ಜೀಪು ಸದಾ ಚೀರಾಡುತ್ತಲೇ ಓಡುತ್ತದೆ, ಬೇರಿಂಗು ಬೇಗ ಹೋಗುತ್ತವೆ. ಎರಡು, ಡೀಸೆಲ್ ಜೀಪನ್ನು ಅಳೆಯಬೇಕಾದ್ದು 50-60ರ ವೇಗದಲ್ಲಿ. ಜಮಖಂಡಿಯಿಂದ ಮುಧೋಳಕ್ಕೆ, ಬನಹಟ್ಟಿಗೆ, ಬೀಳಗಿಗೆ ಹೋಗುವ ರಸ್ತೆಗಳಲ್ಲಿ ಹಂಗಾಮಿನ ಟ್ರೇಲರುಗಳ ಹಿಂದೆ ಅದಕ್ಕಿಂತ ಜೋರಾಗಿ ಹೋಗಲು ಜಾಗವೂ ಇಲ್ಲ. ಡ್ರಮ್ ಬ್ರೇಕಿನ, ಲೀಫ್ ಸ್ಪ್ರಿಂಗಿನ ಹಳೆಯ ಜೀಪನ್ನು ಎಂಬತ್ತು, ತೊಂಬತ್ತಕ್ಕೆ ಎಳೆಯುವುದು ಓಡಿಸುವವನಿಗೂ ಎದುರಿಗೆ ಬರುವವನಿಗೂ ಕ್ಷೇಮವಲ್ಲ. ವೇಗದ ಕೊರತೆ ಈ ಎಂಜಿನ್ನಿನ ದೋಷವಾದರೂ ಈ ವಾಹನಕ್ಕೆ ಅದು ದೊಡ್ಡ ನಷ್ಟವಲ್ಲ. ಮಳೆಗಾಲದ ಎರೆ ಮಣ್ಣಿನಲ್ಲಿ ಚಕ್ರ ಹೂತಾಗ ಬೇಕಾಗುವುದು ನಿಧಾನವಾಗಿ ಸುತ್ತುವಾಗಲೇ ಎಳೆಯುವ ಬಲ, ಅದು ಇದಕ್ಕೆ ಹುಟ್ಟಿನಿಂದಲೇ ಇದೆ.

ಪೂಜೋ ಎಂಜಿನ್ನಿನ ಪರ ಮಾತಾಡುವವರು ಓಡಿಸಿ ನೋಡಿದವರು, ಅವರ ಮಾತಿಗೂ ಆಧಾರವಿದೆ. 4,500 ಸುತ್ತಿಗೆ 62 ಅಶ್ವಶಕ್ತಿ ಕೊಡುವ ಅದು ಡಿಐಗಿಂತ ಮೃದು, ಚುರುಕು. ಕಾರಿಗಾಗಿ ಹುಟ್ಟಿದ ಡೀಸೆಲ್ ಎಂಬುದು ಮೊದಲ ಮೈಲಿಯಲ್ಲೇ ಗೊತ್ತಾಗುತ್ತದೆ. ಆದರೆ ಆ ಮೃದುತನಕ್ಕೆ ಬೆಲೆ ಇದೆ. ಇದರಲ್ಲಿ ಡೀಸೆಲ್ಲು ನೇರವಾಗಿ ಸಿಲಿಂಡರಿಗೆ ಬೀಳದೆ ಹೆಡ್ಡಿನೊಳಗಿನ ಚಿಕ್ಕ ಕೋಣೆಯೊಂದರಲ್ಲಿ ಮೊದಲು ಉರಿಯುತ್ತದೆ. ಸದ್ದು ಕಡಿಮೆಯಾಗುವುದು ಅದರಿಂದಲೇ, ಹೆಡ್ಡಿಗೆ ಹೆಚ್ಚು ಕಾವು ಏರುವುದೂ ಅದರಿಂದಲೇ. ಚಳಿ ಹೆಚ್ಚಿರುವ ಊರುಗಳಲ್ಲಿ ಹೀಟರ್ ಪ್ಲಗ್ಗುಗಳು ತಲೆನೋವಾದರೆ, ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮಲ್ಲಿ ತಲೆನೋವು ಹೆಡ್ಡಿನದು. ರೇಡಿಯೇಟರಿನ ಅರ್ಧ ಕೊಳವೆ ಕಟ್ಟಿಕೊಂಡಿದ್ದು, ಬೋರ್‌ವೆಲ್ಲಿನ ಗಡಸು ನೀರನ್ನೇ ವರ್ಷಗಟ್ಟಲೆ ತುಂಬಿದ್ದರೆ ಏಪ್ರಿಲ್ ಮಧ್ಯಾಹ್ನದ ಒಂದು ಏರು ಸಾಕು, ಹೆಡ್ ಗ್ಯಾಸ್ಕೆಟ್ ಹೋಗಲು. ಒಮ್ಮೆ ಕಾವು ಏರಿ ಸೊಟ್ಟಗಾದ ಹೆಡ್ಡನ್ನು ಪ್ಲೇನ್ ಮಾಡಿಸಿದರೂ ನಂಬಿಕೆ ಮರಳುವುದು ಕಷ್ಟ. ಒಳ್ಳೆಯ ರೇಡಿಯೇಟರ್, ಕೂಲೆಂಟ್, ಕಣ್ಣಿಟ್ಟು ನೋಡುವ ಟೆಂಪರೇಚರ್ ಮೀಟರ್ ಇದ್ದರೆ ಪೂಜೋ ಬಹುಕಾಲ ಬಾಳುತ್ತದೆ, ಇದನ್ನು ಒಪ್ಪುತ್ತೇನೆ. ಹಾಗೆ ನೋಡಿಕೊಳ್ಳುವ ಶಿಸ್ತು ಇರುವವರಿಗೆ, ವಿಜಯಪುರ, ಬೆಳಗಾವಿಗಳಿಗೆ ಆಗಾಗ ಹೆದ್ದಾರಿಯಲ್ಲಿ ಹೋಗುವವರಿಗೆ ಎಂಎಂ 540 ತಕ್ಕ ಜೀಪು. ಆದರೆ ಟ್ರ್ಯಾಕ್ಟರ್ ಬಿಚ್ಚುವ ಪ್ರತಿ ಕೈಯೂ ಪೂಜೋದ ಕೋಣೆಯುಳ್ಳ ಹೆಡ್ಡನ್ನು ಬಲ್ಲದೆಂದು ನಂಬಿ ಕೊಳ್ಳಬಾರದು. ತೊಂಬತ್ತರ ದಶಕದ 2498 ಸಿಸಿಯ ಎಕ್ಸ್‌ಡಿ3ಪಿ ಎಂಜಿನ್ ಇದೇ ಕುಟುಂಬದ ದೊಡ್ಡಣ್ಣ. ಅದಕ್ಕೂ ಇದೇ ಮಾತು ಸಲ್ಲುತ್ತದೆ.

ಇನ್ನು ಪೆಟ್ರೋಲ್ ಜೀಪು. ಹಳೆಯ ವಾಹನವನ್ನು ಅದರ ನಡೆಗಾಗಿ ಪ್ರೀತಿಸುವವರಿಗೆ ಹರಿಕೇನ್ ಎಂಜಿನ್ನಿಗೆ ಸಾಟಿಯಿಲ್ಲ. ನಿಂತಲ್ಲಿ ನಡುಗುವುದಿಲ್ಲ, ಪಕ್ಕದವರ ಮಾತು ಕೇಳಿಸುತ್ತದೆ, ಬಾನೆಟ್ಟಿನ ಕೆಳಗೆ ಎಲ್ಲವೂ ಕೈಗೆಟಕುತ್ತದೆ. ಇದರಲ್ಲಿ ತಿಳಿದಿರಲೇಬೇಕಾದ ವಿಚಿತ್ರವೊಂದಿದೆ: ಟ್ಯಾಪೆಟ್ ಸೆಟ್ ಮಾಡಲು ಎರಡು ಕಡೆ ಬಿಚ್ಚಬೇಕು. ಒಳಗೆ ಎಳೆಯುವ ವಾಲ್ವುಗಳಿಗೆ ಮೇಲಿನ ಮುಚ್ಚಳ ತೆಗೆಯಬೇಕು, ಹೊಗೆಯ ವಾಲ್ವುಗಳಿಗೆ ಬ್ಲಾಕಿನ ಪಕ್ಕದ ತಗಡಿನ ಮುಚ್ಚಳ ಬಿಚ್ಚಿ ಒಳಗೆ ಫೀಲರ್ ಗೇಜ್ ತೂರಿಸಬೇಕು. ಮೇಲಿನದನ್ನು ಮಾತ್ರ ಸೆಟ್ ಮಾಡಿ ಕೆಳಗಿನದನ್ನು ಬಿಟ್ಟುಬಿಡುವುದು ಸಾಮಾನ್ಯ, ಏಕೆಂದರೆ ಡೀಸೆಲ್ ಕೈಗಳಿಗೆ ಅಲ್ಲಿ ವಾಲ್ವು ಇದೆಯೆಂದೇ ಹೊಳೆಯುವುದಿಲ್ಲ. ಹೊಗೆಯ ವಾಲ್ವಿನ ಸೀಟು ಸುಟ್ಟುಹೋದರೆ ಹೆಡ್ ಒಯ್ದು ಗ್ರೈಂಡ್ ಮಾಡಿಸಿದಷ್ಟು ಸುಲಭವಿಲ್ಲ, ಕೆಲಸ ಬ್ಲಾಕಿನ ಮೇಲೆಯೇ ಆಗಬೇಕು.

ಪೆಟ್ರೋಲ್ ಜೀಪಿನ ಈಚಿನ ಕಷ್ಟ ನಮ್ಮದೇ ಹೊಲಗಳಿಂದ ಬಂದದ್ದು. ಸಮೀರವಾಡಿ, ಮುಧೋಳದ ಕಾರ್ಖಾನೆಗಳು ಕಬ್ಬಿನಿಂದ ಎಥೆನಾಲ್ ತೆಗೆಯುತ್ತವೆ. ಅದು ಪೆಟ್ರೋಲಿಗೆ ಸೇರುತ್ತದೆ. ಶೇ 10ರ ಮಿಶ್ರಣದ ಗುರಿಯನ್ನು ದೇಶ 2022ರಲ್ಲಿ ಮುಟ್ಟಿತು, 2030ಕ್ಕೆಂದು ಇಟ್ಟುಕೊಂಡಿದ್ದ ಶೇ 20ರ ಗುರಿಯನ್ನು 2025ಕ್ಕೆ ಎಳೆದುಕೊಂಡಿತು. ರೈತನಿಗೆ ಇದರಿಂದ ಆದ ಅನುಕೂಲವನ್ನು ಅಲ್ಲಗಳೆಯುವುದು ಸರಿಯಲ್ಲ. ಆದರೆ ಐವತ್ತು ವರ್ಷದ ಹಿಂದಿನ ಕಾರ್ಬುರೇಟರ್ ಶುದ್ಧ ಪೆಟ್ರೋಲಿಗೆ ಅಳತೆ ಮಾಡಿ ಕೊರೆದದ್ದು. ಎಥೆನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಉರಿಯಲು ಬೇಕಾಗುವ ಗಾಳಿಯ ಪ್ರಮಾಣವೂ ಬೇರೆ. ಹಾಗಾಗಿ ಅದೇ ಜೆಟ್ಟಿನಲ್ಲಿ ಎಂಜಿನ್ನಿಗೆ ಇಂಧನ ತೆಳುವಾಗಿ ಹೋಗಿ ಕಾವು ಏರುತ್ತದೆ. ಪೆಟ್ರೋಲ್ ಪಂಪಿನ ರಬ್ಬರ್ ಡಯಾಫ್ರಾಮ್, ಹೋಸ್ ಪೈಪು, ಕಾರ್ಕಿನ ಗ್ಯಾಸ್ಕೆಟ್ಟು ಎಥೆನಾಲಿಗೆ ಉಬ್ಬಿ ಸೀಳುತ್ತವೆ. ತಿಂಗಳುಗಟ್ಟಲೆ ನಿಲ್ಲಿಸಿದರೆ ಅದು ಗಾಳಿಯ ತೇವ ಹೀರಿ ಟ್ಯಾಂಕಿನ ತಳದಲ್ಲಿ ನೀರು ಕೂರಿಸುತ್ತದೆ. ಇದಕ್ಕೆಲ್ಲ ಪರಿಹಾರವಿದೆ: ಎಥೆನಾಲ್ ತಡೆಯುವ ರಬ್ಬರಿನ ಭಾಗಗಳು, ಒಂದು ಅಳತೆ ದೊಡ್ಡ ಜೆಟ್ಟು, ಜೀಪು ನಿಲ್ಲಿಸುವ ಮುನ್ನ ಕಾರ್ಬುರೇಟರ್ ಖಾಲಿ ಮಾಡುವ ರೂಢಿ. ಪೆಟ್ರೋಲ್ ಜೀಪು ಕೊಳ್ಳುವವರು ಇಷ್ಟು ಕೆಲಸವನ್ನು ಮೊದಲ ತಿಂಗಳಲ್ಲೇ ಮಾಡಿಸಲು ಸಿದ್ಧರಿರಬೇಕು.

ಇಲ್ಲಿ ಎಲ್ಲರೂ ಹೇಳುವ ಸುಲಭದ ಉಪಾಯವೊಂದಿದೆ, ಅದನ್ನೇ ನಾನು ಬಲವಾಗಿ ವಿರೋಧಿಸುವುದು. ಪೆಟ್ರೋಲ್ ಜೀಪು ಅಗ್ಗಕ್ಕೆ ಕೊಂಡು, ಎಂಜಿನ್ ಕಿತ್ತು, ಯಾವುದಾದರೂ ಡೀಸೆಲ್ ಕೂರಿಸಿಬಿಡಿ ಎನ್ನುತ್ತಾರೆ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಹೀಗೆ ಮಾಡಿದವರಿಗೆ ಕಾರಣವಿತ್ತು. ಪೆಟ್ರೋಲಿಗೂ ಡೀಸೆಲ್ಲಿಗೂ ಬೆಲೆಯಲ್ಲಿ ದೊಡ್ಡ ಅಂತರವಿತ್ತು, ಜೀಪು ಅಂದು ದುಡಿಯುವ ವಾಹನವಾಗಿತ್ತು. ಪೆಟ್ರೋಲ್ ಬೆಲೆಯ ನಿಯಂತ್ರಣ 2010ರಲ್ಲಿ, ಡೀಸೆಲ್ಲಿನದು 2014ರ ಅಕ್ಟೋಬರಿನಲ್ಲಿ ಹೋಯಿತು; ಅಂತರ ಕುಗ್ಗಿತು. ಇಂದಿನ ಲೆಕ್ಕ ಹಾಕಿ. ಶೋಕಿಗೆ ಇಟ್ಟ ಜೀಪು ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡಿತು ಎನ್ನಿ. ಪೆಟ್ರೋಲಿಗೆ ಲೀಟರಿಗೆ ಏಳು ಸಿಕ್ಕರೂ 286 ಲೀಟರ್. ಡೀಸೆಲ್ಲಿಗೆ ಹನ್ನೆರಡು ಸಿಕ್ಕರೆ 167 ಲೀಟರ್. ಪೆಟ್ರೋಲ್ ನೂರರ ಮೇಲೆ, ಡೀಸೆಲ್ ತೊಂಬತ್ತರ ಸುಮಾರಿಗೆ ಇರುವಾಗ ವರ್ಷಕ್ಕೆ ಉಳಿಯುವುದು ಹದಿನಾಲ್ಕು ಸಾವಿರದ ಆಜುಬಾಜು. ಎಂಜಿನ್ ಕೊಂಡು, ಬೆಲ್ ಹೌಸಿಂಗ್ ಹೊಂದಿಸಿ, ಮೌಂಟಿಂಗ್ ವೆಲ್ಡ್ ಮಾಡಿಸಿ, ರೇಡಿಯೇಟರ್, ಸೈಲೆನ್ಸರ್ ಬದಲಿಸಿ, ಕೊನೆಗೆ ಆ್ಯಕ್ಸಲ್ಲನ್ನೂ ಬದಲಿಸುವ ಖರ್ಚು ಇಂಥ ಹಲವು ವರ್ಷಗಳ ಉಳಿತಾಯವನ್ನು ನುಂಗುತ್ತದೆ.

ಖರ್ಚಿಗಿಂತ ದೊಡ್ಡದು ಕಾಗದದ ತೊಡಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಆರ್‌ಸಿಯ ವಿವರಗಳು ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿದೆ. ಬಹಳ ಹಿಂದೆಯೇ ಆರ್‌ಟಿಒದಲ್ಲಿ ಅನುಮತಿ ಪಡೆದು, ಹೊಸ ಎಂಜಿನ್ ನಂಬರನ್ನೂ ಇಂಧನವನ್ನೂ ಆರ್‌ಸಿಯಲ್ಲಿ ಬರೆಸಿಕೊಂಡ ಜೀಪುಗಳ ಮಾತು ಬೇರೆ. ಅವು ಕಾಗದದ ಮೇಲೆ ಡೀಸೆಲ್ ಜೀಪುಗಳೇ. ತೊಂದರೆ ಇರುವುದು ಕದ್ದುಮುಚ್ಚಿ ಬದಲಿಸಿದವುಗಳಲ್ಲಿ, ಮಂಡಿ ದಬ್ವಾಲಿಯಂಥ ಉತ್ತರದ ಪೇಟೆಗಳಿಂದ ಹೊಳೆಹೊಳೆಯುತ್ತ ಬರುವ ಜೋಡಣೆ ಜೀಪುಗಳಲ್ಲಿ. ನೋಡಲು ಅವು ಚೆಂದ. ಚಾಸಿ ಒಂದು ಕಾಲದ್ದು, ಎಂಜಿನ್ ಇನ್ನೊಂದು ವಾಹನದ್ದು, ಆರ್‌ಸಿ ಮೂರನೆಯದರದ್ದು. ಖಾಸಗಿ ವಾಹನಕ್ಕೆ ಹದಿನೈದು ವರ್ಷವಾದ ಮೇಲೆ ಐದು ವರ್ಷಕ್ಕೊಮ್ಮೆ ಪಾಸಿಂಗ್ ಆಗಬೇಕು. ಜಮಖಂಡಿಯ ಕೆಎ-48 ಕಚೇರಿಯಲ್ಲಿ ಇನ್‌ಸ್ಪೆಕ್ಟರ್ ಎಂಜಿನ್ ನಂಬರ್ ಓದಿದ ಕ್ಷಣ ಜೀಪು ಅಲ್ಲೇ ನಿಲ್ಲುತ್ತದೆ. ಅಪಘಾತವಾದರಂತೂ ವಿಮೆ ಕಂಪನಿಗೆ ತಕರಾರು ತೆಗೆಯಲು ನಾವೇ ದಾರಿ ಮಾಡಿಕೊಟ್ಟಂತೆ. ನವೀಕರಣದ ಶುಲ್ಕವೂ ಈಗ ಸಣ್ಣದಲ್ಲ. ಕಾರು, ಜೀಪುಗಳಿಗೆ 2022ರ ಏಪ್ರಿಲಿನಿಂದ 600 ಇದ್ದದ್ದು 5,000 ಆಯಿತು, 20 ವರ್ಷ ದಾಟಿದವಕ್ಕೆ 2025ರಲ್ಲಿ 10,000ಕ್ಕೆ ಏರಿತು. ಇಷ್ಟು ಕಟ್ಟಿಯೂ ಪಾಸಾಗದ ಜೀಪು ಯಾರಿಗೆ ಬೇಕು?

ಮೂಲ ಎಂಜಿನ್ನಿಗೆ ಈಗ ಕಾನೂನಿನ ಬಲವೂ ಇದೆ, ಇದು ನಮ್ಮ ಭಾಗದಲ್ಲಿ ಇನ್ನೂ ಹಲವರಿಗೆ ತಿಳಿದಿಲ್ಲ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಕಾಣದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರಗಳು ಬರುತ್ತವೆ, ನೋಂದಣಿ ಹತ್ತು ವರ್ಷ ನಡೆಯುತ್ತದೆ. ಮೊದಲ ಸಲಕ್ಕೆ 20,000, ನವೀಕರಣಕ್ಕೆ 5,000 ಶುಲ್ಕ. ಅಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವಂಥ ಕೆಲಸಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು, ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಅರವತ್ತರ ದಶಕದ ಸಿಜೆ 3ಬಿ ಅದರದೇ ಹರಿಕೇನ್ ಎಂಜಿನ್ನಿನೊಡನೆ ಯಾರದಾದರೂ ಕೊಟ್ಟಿಗೆಯಲ್ಲಿ ನಿಂತಿದ್ದರೆ ಅದು ಈ ಗೌರವಕ್ಕೆ ಅರ್ಹ. ಅದೇ ಜೀಪಿಗೆ ಬೊಲೆರೊ ಎಂಜಿನ್ ಕೂರಿಸಿದ ದಿನ ಆ ಅರ್ಹತೆ ಹೋಗುತ್ತದೆ, ಮತ್ತೆ ಸುಲಭಕ್ಕೆ ಬರುವುದಿಲ್ಲ. ಬಿಚ್ಚಿದ ಹಳೆಯ ಎಂಜಿನ್ ಹೆಚ್ಚಾಗಿ ಗುಜರಿಗೆ ಹೋಗಿರುತ್ತದೆ. ನಾನು ದಿನಬಳಕೆಗೆ ಡಿಐ ಎನ್ನುತ್ತಲೇ ಪೆಟ್ರೋಲ್ ಜೀಪನ್ನು ಪೆಟ್ರೋಲಾಗಿಯೇ ಉಳಿಸಿ ಎನ್ನುವುದರಲ್ಲಿ ವಿರೋಧವಿಲ್ಲ. ಡೀಸೆಲ್ ಬೇಕಾದವರು ಡೀಸೆಲ್ಲಾಗಿಯೇ ಹುಟ್ಟಿದ ಜೀಪನ್ನು ಹುಡುಕಲಿ, ಅಂಥವು ಸಾಕಷ್ಟಿವೆ.

ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನ ಓಡಿಸಬಾರದೆಂದು ಆದೇಶವಾಗಿತ್ತು, ಹಾಗಿರುವಾಗ ಹಳೆಯ ಡೀಸೆಲ್ ಏಕೆ ಎಂದು ಕೇಳುವವರಿದ್ದಾರೆ. ಹಸಿರು ನ್ಯಾಯಮಂಡಳಿಯ 2015ರ ಆದೇಶ, ಅದನ್ನು ಎತ್ತಿಹಿಡಿದ 2018ರ ಸುಪ್ರೀಂ ಕೋರ್ಟಿನ ಆದೇಶ ದೆಹಲಿ ರಾಜಧಾನಿ ಪ್ರದೇಶಕ್ಕೆ ಸಂಬಂಧಿಸಿದವು. ಬಾಗಲಕೋಟೆ ಜಿಲ್ಲೆಯಲ್ಲಿ ಅಂಥ ನಿಷೇಧವಿಲ್ಲ. ಹೊಗೆಯ ಕಾಳಜಿ ಮಾತ್ರ ಸರಿಯಾದದ್ದೇ. ಕಪ್ಪು ಹೊಗೆ ಉಗುಳುವ ಡಿಐ ಜೀಪಿನ ನೋಝಲ್, ಪಂಪ್ ಟೈಮಿಂಗ್ ಸರಿಪಡಿಸದೆ ಓಡಿಸುವುದಕ್ಕೆ ಹಳೆಯ ವಾಹನದ ಪ್ರೀತಿ ನೆಪವಾಗಕೂಡದು. ಹೊಸ ಥಾರ್ ಕೊಂಡರೆ ಇಷ್ಟೆಲ್ಲ ರಗಳೆ ಇಲ್ಲವಲ್ಲ ಎಂಬ ಮಾತೂ ಇದೆ. ನಿಜ, 2020ರ ಥಾರಿನ 150 ಅಶ್ವಶಕ್ತಿಯ ಪೆಟ್ರೋಲ್, 130 ಅಶ್ವಶಕ್ತಿಯ ಡೀಸೆಲ್ ಎಂಜಿನ್‌ಗಳು, ಏರ್‌ಬ್ಯಾಗು, ಎಬಿಎಸ್ ಯಾವ ಹಳೆಯ ಜೀಪಿಗೂ ಎಟುಕುವಂಥವಲ್ಲ. ಕುಟುಂಬಕ್ಕೆ ಒಂದೇ ವಾಹನ ಕೊಳ್ಳುವವರು ಅದನ್ನೇ ಕೊಳ್ಳಬೇಕು. ಹಳೆಯ ಜೀಪು ಎರಡನೆಯ ವಾಹನವಾಗಿ ಮಾತ್ರ ಒಪ್ಪತಕ್ಕದ್ದು.

ಕೊಳ್ಳಲು ಹೋದಾಗ ಎಂಜಿನ್ ತಣ್ಣಗಿರುವ ಹೊತ್ತಿಗೇ ಹೋಗಬೇಕು. ಮಾರುವವರು ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಅದನ್ನೇ ಒಂದು ಉತ್ತರವೆಂದು ತಿಳಿಯಬೇಕು. ಮೊದಲು ಚಿಂದಿ ಬಟ್ಟೆ, ಸ್ವಲ್ಪ ಡೀಸೆಲ್ ತೆಗೆದುಕೊಂಡು ಬ್ಲಾಕಿನ ಮೇಲಿನ ಜಿಡ್ಡು ಒರೆಸಿ, ಎಂಜಿನ್ ನಂಬರನ್ನು ಆರ್‌ಸಿಯೊಡನೆ ಅಕ್ಷರ ಅಕ್ಷರ ಹೋಲಿಸಬೇಕು. ನಂಬರ್ ಇರುವ ಜಾಗ ಅಕ್ಕಪಕ್ಕದ ಲೋಹಕ್ಕಿಂತ ನುಣ್ಣಗಿದ್ದರೆ, ಉಜ್ಜಿದ ಗೆರೆ ಕಂಡರೆ, ಅಕ್ಷರಗಳು ಒಂದು ಸಾಲಿನಲ್ಲಿ ಕೂರದಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಬೇಕು. ಚಾಸಿ ನಂಬರಿಗೂ ಇದೇ ಪರೀಕ್ಷೆ. ಪೂಜೋ ಆದರೆ ರೇಡಿಯೇಟರ್ ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿಸಿ ನೀರು ನೋಡಬೇಕು. ರೇಸ್ ಕೊಟ್ಟಾಗ ಬಿಡದೆ ಗುಳ್ಳೆ ಏಳುತ್ತಿದ್ದರೆ ಸಿಲಿಂಡರಿನ ಗಾಳಿ ನೀರಿಗೆ ಸೇರುತ್ತಿದೆ, ಗ್ಯಾಸ್ಕೆಟ್ಟೋ ಹೆಡ್ಡೋ ಹೋಗಿದೆ. ಡಿಐ ಆದರೆ ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ನೋಡಬೇಕು. ಸಣ್ಣ ಆವಿ ಸಹಜ. ಭುಸುಭುಸು ಹೊಗೆ ಒತ್ತಿಕೊಂಡು ಬಂದರೆ ರಿಂಗು, ಲೈನರ್ ಸವೆದಿವೆ, ಆ ಕೆಲಸದ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಬೇಕು. ಪೆಟ್ರೋಲ್ ಆದರೆ ನಿಂತಲ್ಲೇ ನಿಧಾನವಾಗಿ ಓಡುವಾಗ ಸೈಲೆನ್ಸರಿನ ಬಾಯಿಗೆ ಕಾಗದ ಹಿಡಿಯಬೇಕು. ಸಮನಾಗಿ ಹೊರಗೆ ತಳ್ಳದೆ ಆಗಾಗ ಒಳಗೆ ಎಳೆದುಕೊಂಡರೆ ಬ್ಲಾಕಿನಲ್ಲಿರುವ ಹೊಗೆಯ ವಾಲ್ವು ಸುಟ್ಟಿದೆ ಎಂದು ಸಂಶಯಿಸಬೇಕು. ಮಹಾರಾಷ್ಟ್ರದ ನೋಂದಣಿಯ ಜೀಪಾದರೆ ಅಲ್ಲಿಯ ಆರ್‌ಟಿಒದ ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬಾರದು. ಹನ್ನೆರಡು ತಿಂಗಳೊಳಗೆ ಇಲ್ಲಿ ನಂಬರ್ ಬದಲಿಸಿಕೊಳ್ಳಬೇಕು, ಕರ್ನಾಟಕದ ತೆರಿಗೆ ಕಟ್ಟಬೇಕು. ಆ ತೆರಿಗೆ ಎಷ್ಟಾಗುತ್ತದೆ, ಆ ಎಂಜಿನ್ ನಂಬರಿಗೆ ಪಾಸಿಂಗ್ ಆಗುತ್ತದೆಯೇ ಎಂಬುದನ್ನು ಜಮಖಂಡಿಯ ಕಚೇರಿಯಲ್ಲಿ ವಿಚಾರಿಸಿಕೊಂಡು ಬಂದ ಮೇಲೆಯೇ ಮುಂಗಡದ ಮಾತು.